ಡ್ಯೂಟಿ ಚಾರ್ಟಿನೊಳಗಿನ ಜಾತಿ



ಹೋದ ವಾರ ನಮ್ಮ ಮೋರಖಂಡಿಯ ಕೇರಿಯಲ್ಲಿ ಪೇಡೆ ಹಂಚಿದರು. ನಮ್ಮ ಹುಡುಗನೊಬ್ಬ ಹೈದರಾಬಾದ್ ಕಡೆಯ ಒಂದು ಜಿಐ ಪೈಪ್ ಕಾರ್ಖಾನೆಯಲ್ಲಿ ಫಿನಿಷಿಂಗ್ ಶಾಪಿನ ಸೂಪರ್‌ವೈಸರ್ ಆಗಿದ್ದಾನೆ. ಸಸ್ತಾಪುರ ಬಂಗ್ಲಾದ ಗ್ಯಾರೇಜಿನಲ್ಲಿ ವೆಲ್ಡಿಂಗ್ ಕಲಿತು, ಐಟಿಐ ಮುಗಿಸಿ, ಎಂಟು ವರ್ಷ ಗುತ್ತಿಗೆಯಲ್ಲಿ ದುಡಿದವನು. ಈಗ ಅವನ ಕೈಕೆಳಗೆ ಹದಿನೆಂಟು ಜನ. ಅವನ ಅವ್ವ "ನನ್ ಮಗ ಸಾಹೇಬ ಆದ ನೋಡ್ರಿ ಅಣ್ಣಾ" ಅಂದಾಗ ನನಗೂ ಕಣ್ಣು ತುಂಬಿ ಬಂತು.

ಅದೇ ರಾತ್ರಿ ಅವನ ಫೋನ್ ಬಂತು. "ಕಾಕಾ, ನಾಳಿಂದ ಡ್ಯೂಟಿ ಚಾರ್ಟ್ ನಾನೇ ಬರಿಬೇಕು. ಆಸಿಡ್ ಟ್ಯಾಂಕಿಗಿ ಯಾರಿಗಿ ಹಾಕ್ಲಿ?"

ಕೇಳೋಕೆ ಸಣ್ಣ ಪ್ರಶ್ನೆ. ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕಂದ್ರೆ ಬಿಎ ಮುಗಿಸಿದ ಹೊಸತರಲ್ಲಿ ನಾನೂ ಒಂದು ಪೈಪ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂರು ವರ್ಷ ಹಾಜರಿ ಪುಸ್ತಕ ಬರೆದವನು. ಯಾರ ಹೆಸರು ಯಾವ ಕೆಲಸದ ಮುಂದೆ ಬರುತ್ತಿತ್ತು ಅನ್ನೋದು ನನ್ನ ಕೈಗೇ ಗೊತ್ತು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಕಪ್ಪು ಪೈಪು ಮೊದಲು ಆಸಿಡ್ ತೊಟ್ಟಿಗೆ ಹೋಗುತ್ತೆ, ತುಕ್ಕು ಬಿಡೋಕೆ. ತೊಳೆದು, ಒಣಗಿಸಿ, ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನೊಳಗೆ ಮುಳುಗಿಸುತ್ತಾರೆ. ಮೇಲೆತ್ತಿ, ಒಳಗೆ ಉಳಿದ ಸತುವನ್ನು ಹಬೆಯಿಂದ ಊದುತ್ತಾರೆ. ಆಮೇಲೆ ತುದಿ ಕತ್ತರಿಸೋದು, ಥ್ರೆಡ್ ಹಾಕೋದು, ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷಿಸೋದು, ನಂಬರ್ ಬರೆಯೋದು, ಕಟ್ಟು ಕಟ್ಟಿ ಕ್ರೇನಿಗೆ ಕೊಡೋದು. ಎಲ್ಲಾ ಒಂದೇ ಶೆಡ್ಡು. ಆದರೆ ಆಸಿಡ್ ಹೊಗೆಯಲ್ಲಿ ನಿಂತವನು ಪಗಾರದ ಲೆಕ್ಕದಲ್ಲಿ 'ಹೆಲ್ಪರ್', ಅಕುಶಲ. ಥ್ರೆಡಿಂಗ್ ಮಷೀನಿನ ಮುಂದೆ ನಿಂತವನು 'ಆಪರೇಟರ್', ಕುಶಲ. ಮುಂದೆ ಸೂಪರ್‌ವೈಸರ್ ಆಗೋದು ಆಪರೇಟರ್, ಹೆಲ್ಪರ್ ಅಲ್ಲ.

ನನ್ನ ಪುಸ್ತಕದಲ್ಲಿ ತೊಟ್ಟಿಯ ಮುಂದೆ ಬರುತ್ತಿದ್ದ ಹೆಸರುಗಳು ನಮ್ಮವರವೇ. ಥ್ರೆಡಿಂಗಿನ ಮುಂದೆ ಒಂದೂ ಇರಲಿಲ್ಲ. ಯಾರೂ ಜಾತಿ ಕೇಳಿ ಹಾಕಲಿಲ್ಲ. "ಅವ್ರಿಗಿ ರೂಢಿ ಅದ" ಅಂದರು, ಅಷ್ಟೇ.

ಈ 'ರೂಢಿ' ಇವತ್ತಿನದಲ್ಲ. ಮುಂಬೈಯ ಬಟ್ಟೆ ಗಿರಣಿಗಳಲ್ಲಿ ನಮ್ಮ ಜನರನ್ನು ನೇಯ್ಗೆ ವಿಭಾಗಕ್ಕೆ ಸೇರಿಸುತ್ತಿರಲಿಲ್ಲ. ಲಾಳಿಗೆ ದಾರ ಪೋಣಿಸುವಾಗ ಬಾಯಿಂದ ಎಳೆಯಬೇಕಿತ್ತು, ದಾರಕ್ಕೆ ಎಂಜಲು ತಾಗುತ್ತಿತ್ತು. ನಮ್ಮ ಎಂಜಲಿನ ಭಯಕ್ಕೆ ಹೆಚ್ಚು ಕೂಲಿಯ ಕೆಲಸವೇ ನಮಗೆ ಬಂದ್. 1928ರ ಗಿರಣಿ ಮುಷ್ಕರದ ಹೊತ್ತಿಗೆ ಬಾಬಾಸಾಹೇಬರು ಕಾರ್ಮಿಕ ನಾಯಕರನ್ನು ಇದೇ ವಿಷಯಕ್ಕೆ ಕೇಳಿದ್ದರು. 1938ರ ಫೆಬ್ರುವರಿಯಲ್ಲಿ ಮನ್ಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಮುಂದೆ ನಿಂತು ಮತ್ತೆ ಹೇಳಿದರು: ನಮ್ಮವನು ಗ್ಯಾಂಗ್‌ಮನ್ ಆಗಿ ಸೇರಿ ಗ್ಯಾಂಗ್‌ಮನ್ ಆಗಿಯೇ ಮುಗಿಯುತ್ತಾನೆ. ಪೋರ್ಟರ್ ಕೂಡ ಆಗಲಾರ, ಯಾಕಂದ್ರೆ ಪೋರ್ಟರ್ ಸ್ಟೇಷನ್ ಮಾಸ್ತರರ ಮನೆಗೆಲಸವನ್ನೂ ಮಾಡಬೇಕಿತ್ತು. ಕಾರ್ಮಿಕನಿಗೆ ಬಂಡವಾಳಶಾಹಿ, ಬ್ರಾಹ್ಮಣಶಾಹಿ ಎರಡೂ ಶತ್ರುಗಳು ಅಂತ ಅವರು ಹೇಳಿದ್ದು ಆ ಸಭೆಯಲ್ಲೇ.

ಇನ್ನು ಒಂದು ಕಹಿ ಮಾತು. ನಮ್ಮವರೇ ಓದಿ ಸಿಟ್ಟಾಗಬಹುದು, ಆಗಲಿ.

ನಾನಿದ್ದ ಕಾರ್ಖಾನೆಯಲ್ಲಿ ಕಡೆಗೊಮ್ಮೆ ನಮ್ಮವನೊಬ್ಬ ಸೂಪರ್‌ವೈಸರ್ ಆದ. ನಾವು ಕುಣಿದಾಡಿದೆವು. ಮರುವಾರದ ಚಾರ್ಟ್ ನನ್ನ ಟೇಬಲ್ಲಿಗೆ ಬಂತು. ತೊಟ್ಟಿಯ ಮುಂದೆ ಅದೇ ಹೆಸರುಗಳು! ಕೇಳಿದೆ. "ಅಣ್ಣಾ, ಬೇರೆಯವ್ರಿಗಿ ಹಾಕಿದ್ರ ಜಾತಿ ಮಾಡ್ಲತ್ತಾನ ಅಂತಾರ" ಅಂದ. ಮೇಲಿನವರು ಮಾಡಿದರೆ ಅದು ರೂಢಿ, ನಾವು ಬದಲಿಸಿದರೆ ಅದು ಜಾತಿ! ಆ ಭಯಕ್ಕೆ ಅವನು ತನ್ನವರನ್ನೇ ಹೊಗೆಯಲ್ಲಿ ನಿಲ್ಲಿಸಿದ. ಅವನನ್ನು ಬಯ್ಯೋಕೆ ನನಗೆ ಬಾಯಿಲ್ಲ. ನಾನೂ ಆ ಚಾರ್ಟನ್ನು ಸುಮ್ಮನೆ ಪುಸ್ತಕಕ್ಕೆ ಇಳಿಸಿಕೊಂಡೆನಲ್ಲ.

ಅದಕ್ಕೇ ಈ ಹುಡುಗನಿಗೆ ಹೇಳಿದೆ: "ತಮ್ಮಾ, ಸೇಡು ತೀರಿಸಬ್ಯಾಡ, ಹೆದರಿ ಸುಮ್ಮನೂ ಇರಬ್ಯಾಡ. ಪಾಳಿ ಮಾಡು." ತೊಟ್ಟಿ, ಸತುವು, ಥ್ರೆಡಿಂಗ್, ಪರೀಕ್ಷೆ, ಕಟ್ಟು ಎಲ್ಲವೂ ಎಲ್ಲರಿಗೂ, ವಾರಕ್ಕೊಮ್ಮೆ ಬದಲು. ಬರೆದು ಗೋಡೆಗೆ ಅಂಟಿಸು. ಮ್ಯಾನೇಜರ್ ಸಹಿ ತಗೋ. ಗ್ಲೌಸ್, ಬೂಟು, ಮಾಸ್ಕ್ ಇಲ್ಲದೆ ಯಾರನ್ನೂ ತೊಟ್ಟಿಗೆ ಬಿಡಬೇಡ, ಯಾವ ಜಾತಿಯವನಾದರೂ.

"ಅನುಭವ ಇಲ್ಲದವರನ್ನು ಅಪಾಯದ ಕೆಲಸಕ್ಕೆ ಹಾಕಬಾರದು" ಅಂತಾರೆ. ಸರಿಯಾದ ಮಾತೇ. ನೀರಿನ ಪರೀಕ್ಷೆಯಲ್ಲಿ ಪೈಪಿನೊಳಗೆ ಗಾಳಿ ಉಳಿದರೆ ತುದಿಯ ಮುಚ್ಚಳ ಗುಂಡಿನಂತೆ ಹಾರುತ್ತೆ. ತರಬೇತಿ ಬೇಕೇ ಬೇಕು. ಹಾಗಾದರೆ ತರಬೇತಿ ಕೊಡಿ. ನಮ್ಮವರನ್ನು ಒಂದೇ ದಿನದಲ್ಲಿ ಆಸಿಡ್ಡಿಗೆ ತಳ್ಳಿದಾಗ ಈ ಅನುಭವದ ಮಾತು ಎಲ್ಲಿತ್ತು? ಮತ್ತೆ, ಥ್ರೆಡಿಂಗ್ ಮಷೀನ್ ಮುಟ್ಟಗೊಡದೆ ಅದರ ಅನುಭವ ಎಲ್ಲಿಂದ ಬರಬೇಕು?

2024ರ ಜುಲೈನಲ್ಲಿ ನಮ್ಮ ರಾಜ್ಯ ಸರ್ಕಾರ ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ 50, ಉಳಿದವುಗಳಲ್ಲಿ 70 ಪರ್ಸೆಂಟ್ ಮೀಸಲು ಅಂತ ಮಸೂದೆ ತಂದು, ಉದ್ಯಮಿಗಳು ಕೂಗಿದ ಕೂಡಲೇ ತಡೆಹಿಡಿಯಿತು. ಅದು ಜಾರಿಯಾಗಲಿ ಅಂತ ನಾನೂ ಕೇಳ್ತೀನಿ. ಆದರೆ ಗೇಟಿನೊಳಗೆ ಬಿಟ್ಟರೆ ಸಾಕಾ? ಒಳಗೆ ಹೋದವನು ಎಲ್ಲಿ ನಿಲ್ಲುತ್ತಾನೆ ಅನ್ನೋದನ್ನು ಬರೆಯುವ ಪೆನ್ನು ಯಾರ ಕೈಯಲ್ಲಿದೆ?

ಸೋಮವಾರ ಅವನು ಚಾರ್ಟ್ ಅಂಟಿಸಿದ. ಇಬ್ಬರು "ನಾವು ಆ ಕೆಲಸದವ್ರಲ್ಲ" ಅಂತ ಶಿಫ್ಟ್ ಬಿಟ್ಟು ಹೋಗಿದ್ದಾರೆ. ಮ್ಯಾನೇಜರ್ ಇನ್ನೂ ಸಹಿ ಹಾಕಿಲ್ಲ, "ಪ್ರೊಡಕ್ಷನ್ ನಿಂತ್ರ ನಿನ್ನ ಕುರ್ಚಿ ಇರಂಗಿಲ್ಲ" ಅಂದಿದ್ದಾನಂತೆ. ನಿನ್ನೆ ರಾತ್ರಿ ಮತ್ತೆ ಫೋನ್. "ಕಾಕಾ, ಚಾರ್ಟ್ ತೆಗಿಲೇನು?" ತೆಗೀಬ್ಯಾಡ ಅಂದೆ. ಹೇಳೋದು ನನಗೆ ಸುಲಭ, ಕೆಲಸ ಹೋದರೆ ಅವನದು.

ಅದಕ್ಕೇ ಇದನ್ನು ಇಲ್ಲಿ ಬರೀತಿದೀನಿ. ಹುಮನಾಬಾದ್, ಬೀದರ್, ಜಹೀರಾಬಾದ್, ಪಟಾನ್‌ಚೆರು ಕಡೆ ಕಾರ್ಖಾನೆಗಳಲ್ಲಿರುವ ಗೆಳೆಯರೇ, ನಿಮ್ಮ ಶೆಡ್ಡಿನ ಡ್ಯೂಟಿ ಚಾರ್ಟನ್ನು ನಾಳೆ ಒಮ್ಮೆ ಜಾತಿಯ ಕಣ್ಣಿಂದ ಓದಿ. ಯೂನಿಯನ್ನಿನವರೇ, ಬೋನಸ್ಸಿನ ಜೊತೆ ಪಾಳಿಯನ್ನೂ ಬೇಡಿಕೆ ಪಟ್ಟಿಗೆ ಸೇರಿಸಿ. ಹತ್ತು ಶೆಡ್ಡುಗಳಲ್ಲಿ ಪಾಳಿ ಬಂದರೆ ಆ ಹುಡುಗನೊಬ್ಬನನ್ನೇ ಕಿತ್ತುಹಾಕೋದು ಕಷ್ಟ.

ಪೇಡೆ ತಿಂದವರು ನಾವು. ಈಗ ಬೆನ್ನಿಗೂ ನಿಲ್ಲೋಣ.

ಜೈ ಭೀಮ್.