ಚೊಚ್ಚಲ ವರ್ಷದ ಕಲಿಗಳು

ಚೊಚ್ಚಲು ಎಂಬ ಮಾತು ಮೂಲತಃ ಬಾಣಂತಿಯ ಕೋಣೆಗೆ ಸೇರಿದುದು. ಚೊಚ್ಚಲ ಬಸಿರು, ಚೊಚ್ಚಲ ಹೆರಿಗೆ ಎಂದು ಹಿರಿಯ ಹೆಂಗಸರು ಆ ಪದವನ್ನು ಹರ್ಷ ಅಂಜಿಕೆಗಳೆರಡನ್ನೂ ಬೆರೆಸಿ ಆಡುತ್ತಿದ್ದರು. ಈಗ ಅದು ವೃತ್ತಪತ್ರಿಕೆಗಳ ಕ್ರೀಡಾಪುಟಕ್ಕೂ ಬಂದು ನೆಲಸಿದೆ. ಚೊಚ್ಚಲ ಪಂದ್ಯ, ಚೊಚ್ಚಲ ಶತಕ ಎಂದು ಓದುವಾಗಲೆಲ್ಲ ಹಳೆಯ ಅಂಜಿಕೆಯ ಛಾಯೆಯೊಂದು ಅದರ ಹಿಂದೆ ಸುಳಿಯುವುದುಂಟು; ಅದು ಸುಳಿಯುವುದು ನ್ಯಾಯವೂ ಹೌದು.

ಅಮೆರಿಕೆಯಲ್ಲಿ ಕಾಲೇಜು ಫುಟ್ಬಾಲ್ ತಂಡಗಳ ಅಭಿಮಾನಿಗಳಿಗೆ ಒಂದು ಪ್ರಿಯವಾದ ಜಗಳವಿದೆ. ತಮ್ಮ ತಂಡಕ್ಕೆ ಆಡಿದವರಲ್ಲಿ, ಕಾಲೇಜು ಸೇರಿದ ಪ್ರಥಮ ವರ್ಷದಲ್ಲಿಯೇ ಎಲ್ಲರಿಗಿಂತ ಹೆಚ್ಚು ಮೆರೆದವನು ಯಾರು ಎಂಬುದೇ ಆ ಜಗಳದ ವಸ್ತು. ಅಷ್ಟು ದೂರ ಹೋಗುವುದೇಕೆ? ಕಡೂರು ತಾಲ್ಲೂಕಿನ ಸಿಂಗಟಗೆರೆಯ ಹೋಟೆಲೊಂದರ ಮುಂದೆ ಇದೇ ವ್ಯಾಜ್ಯ ಕ್ರಿಕೆಟ್ಟಿನ ವೇಷದಲ್ಲಿ ನಡೆಯುವುದನ್ನು ನಾನು ಕೇಳಿದ್ದೇನೆ. ಕನ್ನಡನಾಡಿನ ತಂಡಕ್ಕೆ ಹೊಸದಾಗಿ ಬಂದು ಮೊದಲ ಹೆಜ್ಜೆಯಲ್ಲೇ ಗೆದ್ದವರು ಯಾರು? ಸಿಂಗಟಗೆರೆ ಮುಗಿಲು ನೋಡಿ ಬದುಕುವ ಬಯಲುಸೀಮೆಯ ಹೋಬಳಿ. ಆದುದರಿಂದ ಅಲ್ಲಿನ ವಾದದಲ್ಲಿ ಆಟದಷ್ಟೇ ಮಳೆಯೂ ಪಾಲುಗೊಂಡಿತು.

ಹಿರಿಯರೊಬ್ಬರು ಗುಂಡಪ್ಪ ವಿಶ್ವನಾಥರ ಪಕ್ಷ ಹಿಡಿದರು. ಅದರಲ್ಲಿ ಆಶ್ಚರ್ಯವಿಲ್ಲ. ವಿಶ್ವನಾಥರು ಹುಟ್ಟಿದ ಭದ್ರಾವತಿ ತರೀಕೆರೆ ದಾಟಿದರೆ ಸಿಕ್ಕುವ ಊರು. ಬೀರೂರಿನಲ್ಲಿ ಶಿವಮೊಗ್ಗೆಯ ರೈಲು ಹತ್ತಿದವರಿಗೆ ಅದು ಪರಸ್ಥಳವಲ್ಲ. 1967ರಲ್ಲಿ, ಹದಿನೆಂಟರ ಹರಯದಲ್ಲಿ, ವಿಜಯವಾಡದಲ್ಲಿ ಆಂಧ್ರದ ವಿರುದ್ಧ ಮೈಸೂರು ತಂಡದ ಪರವಾಗಿ ಮೊದಲ ಬಾರಿಗೆ ಕಣಕ್ಕಿಳಿದು ಅವರು ಬಾರಿಸಿದುದು 230 ರನ್ನು. "ಭರಣಿ ಸುರಿದರೆ ಧರಣಿ ಬದುಕೀತು ಅಂತಾರಲ್ಲ, ಹಂಗೆ ಕಣಪ್ಪ. ಮೊದಲನೇ ಮಳೆಯಲ್ಲೇ ವರ್ಷದ ಗತಿ ಗೊತ್ತಾಗುತ್ತೆ," ಎಂದರು ಹಿರಿಯರು.

ಪಕ್ಕದಲ್ಲಿದ್ದ ಯುವಕ ಸುಮ್ಮನಿರಲಿಲ್ಲ. "ಭರಣಿ ಸುರಿದು ಆಮೇಲೆ ಮಘೆ ಹುಬ್ಬೆ ಕೈಕೊಟ್ಟರೆ ಏನು ಮಾಡ್ತೀರಿ, ಅಜ್ಜಾರೇ?"

ಈ ಪ್ರಶ್ನೆ ಮೇಲ್ನೋಟಕ್ಕೆ ಕುಚೋದ್ಯವೆನಿಸಿದರೂ ಭಾರತದ ಕ್ರಿಕೆಟ್ಟು ಬಹುಕಾಲ ಇದಕ್ಕೆ ಉತ್ತರ ಕಾಣದೆ ತೊಳಲಿತ್ತು. 1933ರಲ್ಲಿ ಲಾಲಾ ಅಮರನಾಥರು ತಮ್ಮ ಮೊದಲ ಟೆಸ್ಟ್ ಪಂದ್ಯದಲ್ಲಿ ಶತಕ ಹೊಡೆದರು. ಅನಂತರ 1952ರಲ್ಲಿ ದೀಪಕ್ ಶೋಧನ್, 1955ರಲ್ಲಿ ಕೃಪಾಲ್ ಸಿಂಗ್, 1959ರಲ್ಲಿ ಅಬ್ಬಾಸ್ ಅಲಿ ಬೇಗ್, 1964ರಲ್ಲಿ ಹನುಮಂತ ಸಿಂಗ್ ಇವರೂ ಅದೇ ಸಾಹಸ ಮೆರೆದರು. ಐವರಲ್ಲಿ ಒಬ್ಬರಿಗಾದರೂ ಎರಡನೆಯ ಟೆಸ್ಟ್ ಶತಕ ಒಲಿಯಲಿಲ್ಲ. ಶೋಧನ್ನರ ಬಾಳಿನಲ್ಲಂತೂ ಮೂರು ಟೆಸ್ಟುಗಳಿಗೆ ಎಲ್ಲವೂ ಮುಗಿದುಹೋಯಿತು. ಚೊಚ್ಚಲ ಶತಕವೆಂಬುದು ವರವೋ ಶಾಪವೋ ಎಂದು ಜನ ಪಿಸುಗುಟ್ಟತೊಡಗಿದ್ದರು.

ಇಂಥ ಕಾಲದಲ್ಲಿ, 1969ರ ನವೆಂಬರಿನಲ್ಲಿ, ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ವಿಶ್ವನಾಥರು ತಮ್ಮ ಮೊದಲ ಟೆಸ್ಟ್ ಆಡಿದರು. ಮೊದಲ ಸರದಿಯಲ್ಲಿ ಅವರು ಗಳಿಸಿದುದು ಸೊನ್ನೆ. ಎರಡನೆಯದರಲ್ಲಿ 137. ನಡುವೆ ನಾಯಕ ಪಟೌಡಿಯವರು ಈ ಪುಟ್ಟ ದೇಹದ ಹುಡುಗನಿಗೆ ಧೈರ್ಯ ಹೇಳಿದ ಸಂಗತಿ ಕ್ರಿಕೆಟ್ ಪ್ರಿಯರ ಮನೆಗಳಲ್ಲಿ ಅನೇಕ ಬಾರಿ ಹೇಳಿ ಕೇಳಿದುದೇ ಆಗಿದೆ. ಶಾಪ ವಿಮೋಚನೆಗೆ ಇನ್ನೂ ಮೂರು ವರ್ಷ ಕಾಯಬೇಕಾಯಿತು: 1973ರ ಆರಂಭದಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ ಎರಡನೆಯ ಶತಕ ಬಂತು. ಕೊನೆಗೆ 91 ಟೆಸ್ಟುಗಳಲ್ಲಿ ಅವರ ಶತಕಗಳು ಹದಿನಾಲ್ಕಾದುವು. ಚೊಚ್ಚಲಿನ ಕಲಿಗಳಲ್ಲಿ ನನ್ನ ಮತ ಯಾರಿಗೆಂದು ಕೇಳಿದರೆ ನಾನೂ ಹಿರಿಯರ ಕಡೆಯವನೇ. ಆದರೆ ನನ್ನ ಕಾರಣ ವಿಜಯವಾಡದ 230 ಅಲ್ಲ, ಕಾನ್ಪುರದ ಸೊನ್ನೆ. ಸೊನ್ನೆಯ ಮೇಲೆ ನಿಂತು ಕಟ್ಟಿದ 137ರಲ್ಲಿ ಮುಂದಿನ ವಿಶ್ವನಾಥರೆಲ್ಲ ಅಡಗಿದ್ದಾರೆ.

ಯುವಕನ ಅಭ್ಯರ್ಥಿ ಅಭಿಮನ್ಯು ಮಿಥುನ್. ಹೆಸರೇ ಈ ಚರ್ಚೆಗೆಂದು ಇಟ್ಟಂತಿದೆ. ಚಕ್ರವ್ಯೂಹವನ್ನು ಹೊಗುವುದನ್ನು ಬಲ್ಲ ಹುಡುಗನೆಂದರೆ ನಮ್ಮಲ್ಲಿ ಅಭಿಮನ್ಯುವೇ ಅಲ್ಲವೆ? ಹದಿನೇಳರವರೆಗೂ ಚರ್ಮದ ಚೆಂಡು ಮುಟ್ಟದೆ ಚಕ್ರ ಎಸೆಯುತ್ತಿದ್ದ ಈತ 2009ರಲ್ಲಿ ಮೀರತ್ತಿನಲ್ಲಿ ಉತ್ತರಪ್ರದೇಶದ ವಿರುದ್ಧ ರಣಜಿ ಪಂದ್ಯಕ್ಕಿಳಿದು, ಒಂದು ಹ್ಯಾಟ್‌ಟ್ರಿಕ್ಕೂ ಸೇರಿದಂತೆ ಹನ್ನೊಂದು ವಿಕೆಟ್ ಕಿತ್ತರು. ಆ ಒಂದೇ ಋತುವಿನಲ್ಲಿ 47 ವಿಕೆಟ್. ಅದೇ ಋತುವಿನ ಅಂತಿಮ ಪಂದ್ಯ, 2010ರ ಜನವರಿಯಲ್ಲಿ ಮೈಸೂರಿನಲ್ಲಿ ನಡೆದು, ಮುಂಬಯಿಯ ಎದುರು ಕರ್ನಾಟಕ ಕೇವಲ ಆರು ರನ್ನಿನಿಂದ ಸೋತದ್ದು. ಆ ಆರು ರನ್ನನ್ನು ನೆನೆದರೆ ಈಗಲೂ ನಿಟ್ಟುಸಿರು ಬರುತ್ತದೆ. ಜುಲೈಯಲ್ಲಿ ಮಿಥುನ್ ಗಾಲೆಯಲ್ಲಿ ಭಾರತದ ಪರ ಆಡಿ ನಾಲ್ಕು ವಿಕೆಟ್ ಪಡೆದರು. ಅಷ್ಟು ವೇಗದ ಏರಿಕೆಯ ಬಳಿಕ ಅವರಿಗೆ ದೊರೆತ ಟೆಸ್ಟುಗಳು ಒಟ್ಟು ನಾಲ್ಕೇ. ಯುವಕನ ಮಘೆ ಹುಬ್ಬೆಯ ಮಾತು ಅವನ ಅಭ್ಯರ್ಥಿಗೇ ತಗುಲಿದಂತಾಯಿತು. ಕರುಣ್ ನಾಯರರದೂ ಅದೇ ಕಥೆ, ಇನ್ನೂ ತೀವ್ರವಾಗಿ: 2016ರಲ್ಲಿ ಮೂರನೆಯ ಟೆಸ್ಟಿನಲ್ಲೇ ಅಜೇಯ 303, ಆರನೆಯ ಟೆಸ್ಟ್ ಆದ ಮೇಲೆ ಎಂಟು ವರ್ಷಗಳ ವನವಾಸ, 2025ರ ಜೂನಿನಲ್ಲಿ ಮರಳಿ ಕರೆ.

ಪ್ರಸನ್ನರ ಹೆಸರನ್ನು ಅಲ್ಲಿ ಯಾರೂ ಎತ್ತಲಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವವನಾದುದರಿಂದ ನನಗೆ ಅವರ ವಿಷಯದಲ್ಲಿ ಒಂದು ಪಕ್ಷಪಾತವಿದೆ. 1962ರಲ್ಲಿ ಟೆಸ್ಟ್ ಆಡಿ, ವೆಸ್ಟ್ ಇಂಡೀಸಿಗೂ ಹೋಗಿ ಬಂದ ಎರಾಪಳ್ಳಿ ಪ್ರಸನ್ನ, ಇಂಜಿನಿಯರಿಂಗ್ ಓದು ಮುಗಿಸಲೆಂದು ಹಿಂದಿರುಗಿದರು. ಮತ್ತೆ ಟೆಸ್ಟ್ ಆಡಿದುದು 1967ರಲ್ಲಿ. ಹಾಜರಾತಿಯ ಕೊರತೆಗೆ ಬಡಾವಣೆಯ ಟೂರ್ನಮೆಂಟಿನ ಕಾಗದ ತಂದು ಮುಂದಿಡುವ ನಮ್ಮ ಹುಡುಗರಿಗೆ ಈ ಕಥೆ ಹೇಳಿ ನೋಡಿದ್ದೇನೆ. ಅದು ಅವರಿಗೆ ಪುರಾಣದಂತೆ ಕೇಳಿಸುತ್ತದೆ.

ಇಷ್ಟೆಲ್ಲ ಹೆಸರು ಬಂದುವು. 1989-90ರಲ್ಲಿ ಹೈದರಾಬಾದಿನ ಎದುರು ಪ್ರಥಮ ಪಂದ್ಯದಲ್ಲೇ ಹ್ಯಾಟ್‌ಟ್ರಿಕ್ ಪಡೆದ ಜಾವಗಲ್ ಶ್ರೀನಾಥ್ ಬಂದರು. 1996ರಲ್ಲಿ ಲಾರ್ಡ್ಸ್‌ನಲ್ಲಿ ಶತಕಕ್ಕೆ ಐದು ಕಡಿಮೆಯಾಗಿ ಔಟಾದ ದ್ರಾವಿಡ್ ಬಂದರು. ಬೆಂಗಳೂರು, ಮೈಸೂರು, ಭದ್ರಾವತಿಗಳೆಲ್ಲ ಬಂದುವು. ಬಾರದಿದ್ದುದು ಕಡೂರು.

ಇದೇ ನನ್ನ ಆಕ್ಷೇಪಣೆ. ವೇದಾ ಕೃಷ್ಣಮೂರ್ತಿ ಕಡೂರಿನಲ್ಲಿ ಹುಟ್ಟಿದ ಹೆಣ್ಣುಮಗಳು. ಬೀದಿಯ ಹುಡುಗರೊಡನೆ ಆಡಿ ಬೆಳೆದವರು. ಹನ್ನೆರಡರ ವಯಸ್ಸಿಗೇ ಕರಾಟೆಯಲ್ಲಿ ಕಪ್ಪುಪಟ್ಟಿ ಧರಿಸಿದವರು. 2005ರಲ್ಲಿ ಕ್ರಮಬದ್ಧ ಶಿಕ್ಷಣಕ್ಕಾಗಿ ಬೆಂಗಳೂರಿನ ಕ್ರಿಕೆಟ್ ಶಾಲೆಯನ್ನು ಸೇರಿದವರು. 2011ರ ಜೂನ್ 30ರಂದು ಇಂಗ್ಲೆಂಡಿನ ಡರ್ಬಿಯಲ್ಲಿ, ಆತಿಥೇಯರ ಎದುರು, ಹದಿನೆಂಟರ ವಯಸ್ಸಿನಲ್ಲಿ ಭಾರತದ ಪರ ತಮ್ಮ ಮೊದಲ ಏಕದಿನ ಪಂದ್ಯವನ್ನಾಡಿ 51 ರನ್ನು ಹೊಡೆದರು. ಸಿಂಗಟಗೆರೆಯವರು ತಾಲ್ಲೂಕು ಕಚೇರಿಗೆ ಹೋಗಿಬರುವ ಊರಿನ ಹುಡುಗಿ! ಚೊಚ್ಚಲಿನ ಚರ್ಚೆಯಲ್ಲಿ ಅವರ ಹೆಸರು ತಾನಾಗಿಯೇ ನಾಲಗೆಗೆ ಬರಬೇಕಿತ್ತು.

ನಾನು ಹೆಸರು ಹೇಳಿದಾಗ "ಅದು ಬೇರೆ ಲೆಕ್ಕ ಸಾರ್" ಎಂಬ ಉತ್ತರ ಬಂತು. ಲೆಕ್ಕ ಬೇರೆಯೆಂಬುದು ಸುಳ್ಳಲ್ಲ, ಆದರೆ ಅವರೆಣಿಸಿದ ಅರ್ಥದಲ್ಲಲ್ಲ. ಇಂಥ ಚರ್ಚೆಗಳು ಬದುಕುವುದೇ ಅಂಕಿಗಳ ಮೇಲೆ. ವಿಶ್ವನಾಥರ 230, ಮಿಥುನರ 47 ಎಲ್ಲರಿಗೂ ಬಾಯಿಪಾಠ, ಏಕೆಂದರೆ ಯಾರೋ ಬರೆದಿಟ್ಟರು, ಪತ್ರಿಕೆ ಅಚ್ಚಿಸಿತು, ತಂದೆ ಮಗನಿಗೆ ಹೇಳಿದ. ಮಹಿಳೆಯರ ಕ್ರಿಕೆಟ್ಟಿಗೆ ಆ ಭಾಗ್ಯ ಎಲ್ಲಿತ್ತು? 1973ರಲ್ಲಿ ಬೇರೆಯೇ ಸಂಘ ಕಟ್ಟಿಕೊಂಡು ನಡೆದ ಆ ಆಟವನ್ನು ಭಾರತದ ಕ್ರಿಕೆಟ್ ಮಂಡಳಿ ತನ್ನ ಆಶ್ರಯಕ್ಕೆ ತೆಗೆದುಕೊಂಡುದು 2006ರಲ್ಲಿ. ಭಾರತೀಯ ಮಹಿಳೆಯರ ಮೊದಲ ಟೆಸ್ಟ್ ಶತಕ ಹೊಡೆದವರು ನಮ್ಮವರೇ ಆದ ಶಾಂತಾ ರಂಗಸ್ವಾಮಿ, 1977ರಲ್ಲಿ, ನ್ಯೂಜಿಲೆಂಡಿನ ಡನೆಡಿನ್ನಿನಲ್ಲಿ, 108 ರನ್ನು. ಈ ಸಂಖ್ಯೆಯನ್ನು ತಡವರಿಸದೆ ಹೇಳುವ ಮನೆಗಳು ಎಷ್ಟಿವೆ?

ಯುವಕ ಇನ್ನೊಂದು ಬಾಣ ಬಿಟ್ಟ: ವೇದಾ ಆಮೇಲೆ ಮೊದಲ ದಿನದ ಭರವಸೆಯಷ್ಟು ಬೆಳೆಯಲಿಲ್ಲವಲ್ಲ? 48 ಏಕದಿನ ಪಂದ್ಯಗಳಲ್ಲಿ 829 ರನ್ನು, ಮಹಾರಾಶಿಯೇನಲ್ಲ, ಒಪ್ಪಿದೆ. ಆದರೆ ನಾಲ್ಕು ಟೆಸ್ಟಿನ ಮಿಥುನರಿಗೆ ಸಂದ ರಿಯಾಯಿತಿ ಈಕೆಗೇಕೆ ಸಲ್ಲಬಾರದು? ಚರ್ಚೆ ಚೊಚ್ಚಲಿನದೆಂದು ಮೊದಲೇ ಷರತ್ತು ಹಾಕಿದವನು ಅವನೇ. ಅಲ್ಲದೆ ಕಣಜ ಪೂರ್ತಿ ಬರಿದೂ ಅಲ್ಲ. 2017ರ ವಿಶ್ವಕಪ್ಪಿನಲ್ಲಿ ಸೋತರೆ ಮನೆಗೆ ಎಂಬ ಸ್ಥಿತಿಯಲ್ಲಿ ನ್ಯೂಜಿಲೆಂಡಿನ ಎದುರು 45 ಚೆಂಡುಗಳಲ್ಲಿ 70 ಹೊಡೆದವರು ಅವರು. ಅಂತಿಮ ಪಂದ್ಯದಲ್ಲಿ, ಲಾರ್ಡ್ಸ್‌ನಲ್ಲಿ, 35 ಗಳಿಸಿ ಅವರು ಮರಳಿದ ಮೇಲೆ ಭಾರತ ಒಂಬತ್ತು ರನ್ನಿನಿಂದ ಸೋತಿತು.

2025ರ ಜುಲೈಯಲ್ಲಿ ವೇದಾ ಆಟದಿಂದ ನಿವೃತ್ತರಾದರು. ಅದೇ ವರ್ಷ ನವೆಂಬರ್ 2ರಂದು ನವಿಮುಂಬಯಿಯಲ್ಲಿ ಭಾರತದ ಮಹಿಳೆಯರು ವಿಶ್ವಕಪ್ಪನ್ನು ಗೆದ್ದರು. ಆ ರಾತ್ರಿಯ ಅಂಕಿಗಳು ಯಾರಿಗೂ ಮರೆಯಲಾರವು. ಇನ್ನು ಮುಂದೆ ಯಾವ ಹುಡುಗಿಯ ಮೊದಲ ಋತುವಿನ ಲೆಕ್ಕವೂ ಕಳೆದುಹೋಗಲಾರದೆಂದು ನನಗೆ ಭರವಸೆಯಿದೆ. ಅಷ್ಟರೊಳಗೆ ಸಿಂಗಟಗೆರೆಯ ಮಿತ್ರರು ತಮ್ಮ ಪಟ್ಟಿಯನ್ನು ತಿದ್ದಿಕೊಳ್ಳಲಿ. 1967ರ 230ರ ಕೆಳಗೆ 2011ರ 51 ಎಂದು ಬರೆದರೆ ಸಾಕು. ಮೇಲೆ ಬರೆದರೂ ನಾನು ತಕರಾರು ತೆಗೆಯುವುದಿಲ್ಲ.