ಪಾರಿಸ್ ಮಠದ ಅಡಿಗೆಯವ

ಊರು ಬಿಟ್ಟು ಪರಸ್ಥಳದಲ್ಲಿ ದುಡಿಯುವ ನಮ್ಮ ಜನರ ಮುಂದೆ ದೇವರ ವಿಷಯವನ್ನೆತ್ತಿದರೆ ಸಾಮಾನ್ಯವಾಗಿ ದೊರೆಯುವ ಉತ್ತರವೊಂದಿದೆ. "ಈಗೆಲ್ಲಿ ಪುರುಸೊತ್ತು ಸ್ವಾಮೀ? ನಾಲ್ಕು ಕಾಸು ಕೂಡಿಟ್ಟು ಊರು ಸೇರಿದ ಮೇಲೆ ಅದನ್ನೆಲ್ಲ ನೋಡೋಣ" ಎಂಬುದೇ ಆ ಉತ್ತರ. ಬೆಳಗಿನ ನಾಲ್ಕು ಗಂಟೆಗೆ ಒಲೆ ಹೊತ್ತಿಸಿ ರಾತ್ರಿ ಹನ್ನೊಂದಕ್ಕೆ ಬಾಗಿಲೆಳೆಯುವ ಹೋಟೆಲಿನವನೂ, ವಿರಾರಿನಿಂದಲೋ ಕಲ್ಯಾಣದಿಂದಲೋ ರೈಲಿನಲ್ಲಿ ನೇತಾಡುತ್ತ ಕೋಟೆಯ ಕಚೇರಿಗೆ ಬರುವ ಗುಮಾಸ್ತನೂ ಇದೇ ಮಾತನ್ನು ಹೇಳುತ್ತಾರೆ. ಇದು ಬರಿಯ ನೆಪವೆಂದು ನಾವು ಹಂಗಿಸಲಾರೆವು. ಪುರುಸೊತ್ತಿಲ್ಲವೆಂಬುದು ಸತ್ಯ. ಆದರೆ ದೇವರನ್ನು ಅರಿಯುವುದಕ್ಕೆ ಪುರುಸೊತ್ತು ಬೇಕೇ ಬೇಕೆಂಬ ನಂಬಿಕೆ ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ಮಾತ್ರ ವಿಚಾರಿಸಬೇಕಾಗಿದೆ.

ಈ ಪ್ರಶ್ನೆಗೆ ಮುನ್ನೂರೈವತ್ತು ವರ್ಷಗಳ ಹಿಂದೆಯೇ ನಮ್ಮ ಕಸುಬಿನವನೊಬ್ಬನು ಉತ್ತರ ಕೊಟ್ಟು ಹೋಗಿದ್ದಾನೆ. ಆತನು ಫ್ರಾನ್ಸಿನ ಪಾರಿಸ್ ನಗರದ ಕಾರ್ಮೆಲೈಟ್ ಮಠವೊಂದರಲ್ಲಿ ಅಡಿಗೆಯವನಾಗಿದ್ದ ಬ್ರದರ್ ಲಾರೆನ್ಸ್. ಕಾರ್ಕಳದ ಕಡೆಯ ವಾಚಕರು ಲಾರೆನ್ಸ್ ಎಂದೊಡನೆ ಅತ್ತೂರಿನ ಸಾಂತ್‌ಮಾರಿಯ ಜಾತ್ರೆಯನ್ನು ನೆನೆದಾರು. ಅತ್ತೂರಿನವನು ಬೇರೆ. ಆತನು 258ನೆಯ ಇಸವಿಯಲ್ಲಿ ರೋಮಿನಲ್ಲಿ ಧರ್ಮಕ್ಕಾಗಿ ಪ್ರಾಣವನ್ನಿತ್ತ ಸಂತ ಲಾರೆನ್ಸ್. ಕಾದ ಕಬ್ಬಿಣದ ಸರಳುಗಳ ಮೇಲೆ ಸುಡಲ್ಪಟ್ಟನೆಂಬ ಐತಿಹ್ಯದಿಂದಾಗಿ ಅಡಿಗೆಯವರ ಪಾಲಕನೆನಿಸಿದವನು. ಪಾರಿಸಿನ ನಮ್ಮ ಲಾರೆನ್ಸನನ್ನಾದರೋ ಚರ್ಚು ಸಂತನೆಂದು ಸಾರಿಯೇ ಇಲ್ಲ. ಆತನ ಹೆಸರಿನಲ್ಲಿ ಜಾತ್ರೆ ನಡೆಯುವುದಿಲ್ಲ, ಮೇಣದ ಬತ್ತಿ ಉರಿಯುವುದಿಲ್ಲ. ಉಳಿದಿರುವುದು ಒಂದು ಸಣ್ಣ ಪುಸ್ತಕ ಮಾತ್ರ.

ಆತನ ಪೂರ್ವಾಶ್ರಮದ ಹೆಸರು ನಿಕೊಲಾ ಎರ್ಮಾನ್. 1614ರ ಸುಮಾರಿಗೆ ಲೊರೇನ್ ಪ್ರಾಂತದ ಬಡ ಮನೆಯೊಂದರಲ್ಲಿ ಹುಟ್ಟಿದನು. ಹದಿನೆಂಟನೆಯ ವಯಸ್ಸಿನಲ್ಲಿ, ಚಳಿಗಾಲದ ಒಂದು ದಿನ, ಎಲೆಯೊಂದೂ ಇಲ್ಲದೆ ಬೋಳಾಗಿ ನಿಂತಿದ್ದ ಮರವೊಂದು ಆತನ ಕಣ್ಣಿಗೆ ಬಿತ್ತು. ಇನ್ನು ಕೆಲವೇ ದಿನಗಳಲ್ಲಿ ಇದು ಚಿಗುರುವುದು, ಹೂಬಿಡುವುದು, ಕಾಯಿಕಟ್ಟುವುದು ಎಂಬ ವಿಚಾರ ಬಂದೊಡನೆ, ಆ ಮರವನ್ನು ಕಾಯುವ ಶಕ್ತಿ ತನ್ನನ್ನೂ ಕಾಯುತ್ತಿದೆಯೆಂಬ ಅರಿವು ಆತನಲ್ಲಿ ಮೂಡಿತಂತೆ. ಆ ಅರಿವು ಮುಂದೆಂದೂ ಮಾಸಲಿಲ್ಲವೆಂದು ಮುಪ್ಪಿನಲ್ಲಿಯೂ ಹೇಳುತ್ತಿದ್ದನು. ಓದು ಬಹಳವಿಲ್ಲದ ಹಳ್ಳಿಯ ಹುಡುಗನಿಗೆ ಮರವೇ ಪಾಠ ಹೇಳಿತು.

ಆದರೆ ಅರಿವು ಬಂದೊಡನೆ ಬದುಕು ಹಸನಾಗಲಿಲ್ಲ. 1618ರಿಂದ 1648ರವರೆಗೆ ಯುರೋಪನ್ನು ಸುಟ್ಟ ಮೂವತ್ತು ವರ್ಷಗಳ ಯುದ್ಧದಲ್ಲಿ ಸಿಪಾಯಿಯಾಗಿ ಸೇರಿ ಕಾಲಿಗೆ ಗಾಯಮಾಡಿಕೊಂಡನು, ಬಾಳಿನುದ್ದಕ್ಕೂ ಕುಂಟುವಂತಾಯಿತು. ಬಳಿಕ ಶ್ರೀಮಂತನಾದ ಒಬ್ಬ ಖಜಾಂಚಿಯ ಮನೆಯಲ್ಲಿ ಆಳಾದನು. ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದುಹಾಕುವ ಮಹಾ ಒಡ್ಡನೆಂದು ತನ್ನ ಆಗಿನ ಚಾಕರಿಯನ್ನು ಆತನೇ ವರ್ಣಿಸಿಕೊಂಡಿದ್ದಾನೆ. ಕಪ್ಪು-ಬಸಿ ಒಡೆದು ಸಂಬಳ ಕಳೆದುಕೊಂಡ ನಮ್ಮ ಮಾಣಿಗಳಿಗೆ ಈ ಮಾತು ಸಮಾಧಾನ ಕೊಡಬಹುದು. 1640ರಲ್ಲಿ ಮಠವನ್ನು ಸೇರಿದನು. ಅಲ್ಲಿ ತನ್ನ ಒಡ್ಡುತನಕ್ಕೆ ಸರಿಯಾದ ಶಿಕ್ಷೆಯಾಗುವುದೆಂದು ಕಾದಿದ್ದನಂತೆ. ಸಿಕ್ಕಿದ್ದು ಬರಿಯ ಸಂತೋಷವಾದುದರಿಂದ, ದೇವರು ತನಗೆ ಮೋಸಮಾಡಿದನೆಂದು ತಮಾಷೆಮಾಡುತ್ತಿದ್ದನು.

ಮಠದಲ್ಲಿ ದೊರೆತ ಕೆಲಸವೋ, ಆತನಿಗೆ ಸ್ವಭಾವತಃ ಹಿಡಿಸದ ಅಡಿಗೆ! ಇದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಅಡಿಗೆಯ ಮೇಲಿನ ಪ್ರೀತಿಯಿಂದ ಅಡಿಗೆಮನೆಯನ್ನು ಸೇರಿದವನಲ್ಲ ಆತ. ಸೇರಿದ ಮೇಲೆ ಹದಿನೈದು ವರ್ಷ ಅಲ್ಲಿಯೇ ನಿಂತನು. ಆತನು ಹಿಡಿದ ದಾರಿ ಬಲು ಸರಳ. ಕೆಲಸಕ್ಕೆ ಕೈಹಚ್ಚುವಾಗ ಒಂದು ಮಾತು ದೇವರಿಗೆ ಹೇಳುವುದು. ಕೆಲಸದ ನಡುವೆ ನೆನಪಾದಾಗಲೆಲ್ಲ ಎದುರಿಗಿರುವ ಗೆಳೆಯನೊಡನೆ ಆಡುವಂತೆ ಮನಸ್ಸಿನಲ್ಲಿಯೇ ಎರಡು ಮಾತು ಆಡುವುದು. ಮುಗಿದಾಗ, ಚೆನ್ನಾಗಿ ಆಗಿದ್ದರೆ ವಂದನೆ ಸಲ್ಲಿಸುವುದು, ಕೆಟ್ಟಿದ್ದರೆ ಕ್ಷಮೆ ಬೇಡಿ ಅಲ್ಲಿಗೇ ಬಿಟ್ಟು ಮುಂದಿನ ಕೆಲಸಕ್ಕೆ ಹೋಗುವುದು. ಬಾಣಲೆಯಲ್ಲಿ ಮೊಟ್ಟೆಯ ದೋಸೆಯನ್ನು ಮಗುಚುವುದನ್ನೂ, ನೆಲದ ಮೇಲಿನ ಹುಲ್ಲುಕಡ್ಡಿಯೊಂದನ್ನು ಎತ್ತುವುದನ್ನೂ ದೇವರ ಮೇಲಿನ ಪ್ರೀತಿಗಾಗಿ ಮಾಡುತ್ತೇನೆಂದನು. ಹತ್ತು ಮಂದಿ ಹತ್ತು ಕಡೆಯಿಂದ ಕೂಗಿ ಕೇಳುತ್ತಿರುವಾಗಿನ ತನ್ನ ಮನಶ್ಶಾಂತಿಗೂ, ಗುಡಿಯಲ್ಲಿ ಮೊಣಕಾಲೂರಿದಾಗಿನ ಶಾಂತಿಗೂ ಭೇದವಿಲ್ಲವೆಂದನು. ಊಟದ ಹೊತ್ತಿನ ನಮ್ಮ ಅಡಿಗೆಮನೆಯನ್ನು ಕಂಡವರಿಗೆ ಈ ಮಾತಿನ ತೂಕ ತಿಳಿದೀತು. ಒಂದೆಡೆ ಮಾಣಿಯ ಕೂಗು, ಇನ್ನೊಂದೆಡೆ ಕಾವಲಿಯ ಚುಂಯ್‌ಕಾರ, ಮತ್ತೊಂದೆಡೆ ಈಗೀಗ ಎಡೆಬಿಡದೆ ಗಂಟೆ ಬಾರಿಸುವ ಮೊಬೈಲಿನ ಪಾರ್ಸೆಲ್ ಆರ್ಡರು. ಅಲ್ಲಿ ಶಾಂತಿಯಿಂದಿರಬಲ್ಲವನ ಮಾತನ್ನು ಗುಹೆಯಲ್ಲಿ ಶಾಂತಿಯಿಂದಿರುವವನ ಮಾತಿಗಿಂತ ನಾವು ಹೆಚ್ಚಾಗಿ ನಂಬುತ್ತೇವೆ.

ಗುಮಾಸ್ತರು ತಮಗೆ ಇದರಲ್ಲಿ ಪಾಲಿಲ್ಲವೆಂದು ತಿಳಿಯಬೇಕಾಗಿಲ್ಲ. ಮಠದ ದ್ರಾಕ್ಷಾರಸದ ಖರೀದಿಗಾಗಿ ಲಾರೆನ್ಸನನ್ನು ಬರ್ಗಂಡಿಯವರೆಗೆ ಕಳುಹಿಸುತ್ತಿದ್ದರು. ವ್ಯಾಪಾರದ ಗಂಧವೇ ತನಗಿಲ್ಲವೆಂದು ಬಲ್ಲ ಆತನು, ಕುಂಟುಗಾಲಿನಿಂದ ದೋಣಿಯಲ್ಲಿ ನಡೆಯಲಾಗದೆ ಪೀಪಾಯಿಗಳ ಮೇಲೆ ಉರುಳುತ್ತಲೇ ಆಚೆಯಿಂದೀಚೆಗೆ ಸಾಗುತ್ತಿದ್ದನು. 'ಇದು ನಿನ್ನ ಕೆಲಸ, ನೀನೇ ನೋಡಿಕೋ' ಎಂಬ ಭಾವದಿಂದ ದೇವರಿಗೆ ಒಪ್ಪಿಸಿ ಹೊರಟರೆ ಖರೀದಿ ಹೇಗೋ ಚೆನ್ನಾಗಿಯೇ ಮುಗಿಯುತ್ತಿತ್ತೆಂದು ಆತನ ಸಾಕ್ಷ್ಯ.

ಇಷ್ಟಕ್ಕೆ ನಿಂತಿದ್ದರೆ ಇದು ಮನಸ್ಸಿನ ನೆಮ್ಮದಿಗೆ ಒಂದು ಉಪಾಯವೆಂದು ಹೇಳಿ ಮುಗಿಸಬಹುದಾಗಿತ್ತು. ನಮಗೆ ಮುಖ್ಯವೆನಿಸುವುದು ಬೇರೆ. ಆ ಹದಿನೈದು ವರ್ಷಗಳ ಒಲೆಯ ಮುಂದಿನ ಬಾಳಿನಲ್ಲಿ ದೇವರ ಬಗ್ಗೆ ಆತನ ತಿಳುವಳಿಕೆಯೇ ಬದಲಾಯಿತು. ಮೊದಮೊದಲು ತನ್ನ ಪಾಪಗಳನ್ನು ನೆನೆದು, ತಾನು ಕೈಬಿಡಲ್ಪಟ್ಟವನೆಂದೇ ನಂಬಿ ತಳಮಳಿಸಿದನು. ಗಲ್ಲಾದ ಮೇಲೆ ಕುಳಿತು ಪ್ರತಿಯೊಂದು ತಪ್ಪನ್ನೂ ಚೀಟಿಯಲ್ಲಿ ಬರೆದಿಡುವ ಧಣಿಯಂತೆ ದೇವರಿದ್ದಾನೆಂದು ನಮ್ಮಲ್ಲಿ ಅನೇಕರು ಎಣಿಸುವುದಿಲ್ಲವೇ? ಹಾಗೆ. ಮುಂದೆ ಒಂದು ಪತ್ರದಲ್ಲಿ ಆತನು ಕಾಣಿಸುವ ದೇವರೇ ಬೇರೆ. ಅಪರಾಧಿಯಾದ ತಾನು ಅರಸನ ಮುಂದೆ ನಿಂತಿದ್ದೇನೆ, ಅರಸನು ದಂಡಿಸಲಿಲ್ಲ, ತನ್ನ ಪಂಕ್ತಿಯಲ್ಲಿಯೇ ಕುಳ್ಳಿರಿಸಿದನು, ತನ್ನ ಕೈಯಿಂದಲೇ ಬಡಿಸಿದನು, ಭಂಡಾರದ ಬೀಗದ ಕೈಯನ್ನೂ ಕೊಟ್ಟನು, ಎಂದು ಬರೆಯುತ್ತಾನೆ. ದಿನವಿಡೀ ಪರರಿಗೆ ಬಡಿಸಿದವನಿಗೆ, ಬಡಿಸುವ ದೇವರು ಕಾಣಿಸಿದನು.

ಇದು ಲಾರೆನ್ಸನ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಕ್ರೈಸ್ತರ ಸುವಾರ್ತೆಗಳಲ್ಲಿಯೇ ಇದರ ಬೇರಿದೆ. ಯೇಸುವು ನಜರೇತಿನ ಬಡಗಿ. ಆತನ ಸಾಮ್ಯಗಳಲ್ಲಿ ಹಿಟ್ಟನ್ನು ಉಬ್ಬಿಸುವ ಹುಳಿ, ಉಪ್ಪು, ದೀಪ, ಕಳೆದುಹೋದ ನಾಣ್ಯ ಇವೇ ಬರುತ್ತವೆ. ಪೇಟೆಯ ನಾಕೆಯಲ್ಲಿ ಕೂಲಿಗಾಗಿ ಕಾದು ನಿಂತವರ ಕಥೆಯಂತೂ ಮುಂಬಯಿಯ ಕನ್ನಡಿಗನಿಗೆ ವಿವರಿಸಬೇಕಾದುದೇ ಇಲ್ಲ. ಸಂಜೆಯವರೆಗೆ ಯಾರೂ ಕರೆಯದಿದ್ದವನಿಗೂ ಅಲ್ಲಿ ಪೂರ್ಣ ದಿನದ ಕೂಲಿ ದೊರೆಯುತ್ತದೆ. ಕೊನೆಯ ಭೋಜನದ ರಾತ್ರಿ ಗುರುವೇ ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದನು. ಪುನರುತ್ಥಾನದ ಬಳಿಕದ ಪ್ರಸಂಗವೊಂದು ಯೋಹಾನನ ಸುವಾರ್ತೆಯ ಕಟ್ಟಕಡೆಯ ಅಧ್ಯಾಯದಲ್ಲಿದೆ. ರಾತ್ರಿಯೆಲ್ಲ ಬಲೆ ಬೀಸಿ ದಣಿದ ಶಿಷ್ಯರು ದಡಕ್ಕೆ ಬಂದು ನೋಡುತ್ತಾರೆ: ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ, ಮಾಡಿಟ್ಟು ಕಾದಿರುವವನು ಕ್ರಿಸ್ತನೇ. ಮರಣವನ್ನು ಗೆದ್ದುಬಂದವನು ಬೆಳಗಿನ ಉಪಾಹಾರ ತಯಾರಿಸಿದನೆಂಬ ಸಂಗತಿಯನ್ನು ದೊಡ್ಡ ದೊಡ್ಡ ಪ್ರವಚನಕಾರರು ಬೇಗನೆ ದಾಟಿಬಿಡುತ್ತಾರೆ. ಹೋಟೆಲಿನವರಾದ ನಾವು ಅಲ್ಲಿಯೇ ನಿಲ್ಲುತ್ತೇವೆ.

ಲಾರೆನ್ಸನು ಸೇರಿದ್ದ ಶಾಖೆಯ ಮೂಲ ಸುಧಾರಕಿ, ಸ್ಪೇನಿನ ಆವಿಲದ ತೆರೇಸ (1515–1582). ಪ್ರಾರ್ಥನೆ ಬಿಟ್ಟು ಅಡಿಗೆಮನೆಗೆ ಹೋಗಬೇಕಾಯಿತಲ್ಲಾ ಎಂದು ಕೊರಗುವ ಸನ್ಯಾಸಿನಿಯರಿಗೆ, ಪಾತ್ರೆಗಳ ನಡುವೆಯೂ ಆತನಿದ್ದಾನೆಂದು ಆಕೆ ಮೊದಲೇ ಬರೆದಿದ್ದಳು. ನಮ್ಮ ಕಡೆಯೂ ಈ ಬಗೆಯ ಅರಿವಿಗೆ ಕೊರತೆಯಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹಗ್ಗ ಹೊಸೆದ ನುಲಿಯ ಚಂದಯ್ಯನಿದ್ದನು. ಗಂಡ ಆಯ್ದು ತಂದ ಅಕ್ಕಿ ಅಂದಿನ ಅಗತ್ಯಕ್ಕಿಂತ ಹೆಚ್ಚಾಯಿತೆಂದು ಮರಳಿ ಕಳುಹಿಸಿದ ಲಕ್ಕಮ್ಮನಿದ್ದಳು. ಹಾಗೆಂದು ಎಲ್ಲವೂ ಒಂದೇ ಎಂದು ಕಲಸಿಬಿಡುವ ಚಪಲ ನಮಗಿಲ್ಲ. ಲಾರೆನ್ಸನ ಶ್ರದ್ಧೆಯ ಕೇಂದ್ರ ಕ್ರಿಸ್ತನೇ. ಅದನ್ನು ತೆಗೆದುಬಿಟ್ಟು ಆತನನ್ನು ಓದಿದರೆ ಉಪ್ಪಿಲ್ಲದ ಸಾರಾದೀತು. ಬೇರೆ ಶ್ರದ್ಧೆಯವನು ಆತನಿಂದ ಕಲಿಯಬಾರದೆಂದು ಇದರ ಅರ್ಥವಲ್ಲ. ಬುಧವಾರದ ಮಾಹಿಮ್ ಚರ್ಚಿನ ಸಾಲಿನಲ್ಲಿ ಎಷ್ಟು ಮತದವರು ನಿಂತಿರುತ್ತಾರೆಂಬುದನ್ನು ಮುಂಬಯಿಯಲ್ಲಿ ಬಲ್ಲವರೇ ಬಲ್ಲರು.

ಇನ್ನು ಒಂದು ಮಾತನ್ನು ಆಡಲೇಬೇಕು. ಗಲ್ಲಾದ ಹಿಂದೆ ಅನೇಕ ವರ್ಷ ಕುಳಿತ ನಮಗೆ, ಇಂತಹ ಕಥೆ ಧಣಿಗಳ ಕಿವಿಗೆ ಎಷ್ಟು ಇಂಪಾಗಿ ಕೇಳಿಸುವುದೆಂಬುದು ಗೊತ್ತಿದೆ. "ನೋಡಿದೆಯಾ, ಪಾತ್ರೆ ತೊಳೆಯುವುದೇ ಪೂಜೆಯಂತೆ, ಇನ್ನೆರಡು ತಾಸು ಹೆಚ್ಚು ಪೂಜೆ ಮಾಡು" ಎಂದು ಹೇಳುವವರು ಹುಟ್ಟಿಕೊಳ್ಳದೆ ಇರಲಾರರು. ಅಂಥವರು ಕಥೆಯ ಉಳಿದ ಅರ್ಧವನ್ನೂ ಓದಬೇಕು. ಹದಿನೈದು ವರ್ಷಗಳ ಬಳಿಕ ಲಾರೆನ್ಸನ ಕಾಲಿನ ಹುಣ್ಣು ಬಲಿತು ನಿಲ್ಲಲಾಗದೆ ಹೋದಾಗ ಮಠದವರು ಆತನನ್ನು ಹೊರಹಾಕಲಿಲ್ಲ; ಕುಳಿತು ಮಾಡಬಹುದಾದ ಚಪ್ಪಲಿ ಹೊಲಿಯುವ ಕೆಲಸಕ್ಕೆ ಹಾಕಿದರು. ನಮ್ಮ ಹೋಟೆಲುಗಳಲ್ಲಿ ಇಪ್ಪತ್ತು ವರ್ಷ ನಿಂತು ಕಾಲಿನ ನರ ಉಬ್ಬಿದ ಭಟ್ಟರಿಗೆ ಏನು ದೊರೆಯುತ್ತದೆ? ಊರಿನ ಬಸ್ಸಿನ ಟಿಕೇಟು ಮಾತ್ರ ದೊರೆತ ಉದಾಹರಣೆಗಳನ್ನು ನಾವು ಕಂಡಿದ್ದೇವೆ. ಪಶ್ಚಿಮದ ಮಠಗಳಿಗೆ ನಿಯಮಾವಳಿ ಬರೆದುಕೊಟ್ಟ ಆರನೆಯ ಶತಮಾನದ ಸಂತ ಬೆನೆಡಿಕ್ಟನು, ಮಠದ ಪಾತ್ರೆಪಗಡಗಳನ್ನು ಪೂಜಾಪಾತ್ರೆಗಳಷ್ಟೇ ಗೌರವದಿಂದ ಕಾಣಬೇಕೆಂದು ವಿಧಿಸಿದನು. ಅಷ್ಟು ಹೇಳಿ ಸುಮ್ಮನಾಗಲಿಲ್ಲ. ಅಡಿಗೆಮನೆಯ ಸರದಿ ಎಲ್ಲರಿಗೂ ಬರಬೇಕು, ಬಲಹೀನರಿಗೆ ಸಹಾಯಕರನ್ನು ಕೊಡಬೇಕು, ಬಡಿಸುವವರಿಗೆ ಊಟದ ಹೊತ್ತಿಗೆ ಒಂದು ತಾಸು ಮೊದಲೇ ಪಾಲಿಗಿಂತ ಹೆಚ್ಚಾಗಿ ಕೊಂಚ ರೊಟ್ಟಿ, ಪಾನೀಯ ಕೊಡಬೇಕು, ಆಗ ಅವರು ಗೊಣಗದೆ ಬಡಿಸಿಯಾರು ಎಂದೂ ಬರೆದನು. ಹಸಿದ ಮಾಣಿ ಸಿಡುಕುತ್ತಾನೆಂಬ ಸತ್ಯವನ್ನು ಸಂತನು ಬಲ್ಲನು, ಅನೇಕ ಧಣಿಗಳು ಇಂದಿಗೂ ಅರಿಯರು.

ವಾರಕ್ಕೊಂದು ದಿನ ಆಳಿಗೂ ಎತ್ತಿಗೂ ವಿಶ್ರಾಂತಿ ಬೇಕೆಂಬುದು ಬೈಬಲಿನ ಹತ್ತು ಆಜ್ಞೆಗಳಲ್ಲಿಯೇ ಇದೆ. ಮುಂಬಯಿಯ 1948ರ ಅಂಗಡಿಗಳ ಕಾನೂನು ವಾರದ ರಜೆಯನ್ನು ವಿಧಿಸಿತು. ಅದರ ಸ್ಥಾನದಲ್ಲಿ ಬಂದ 2017ರ ಕಾನೂನಿನಲ್ಲಿಯೂ ಅದಿದೆ. ಅದನ್ನು ಕೊಡದೆ ಕೆಲಸಗಾರನ ಕೈಗೆ ಲಾರೆನ್ಸನ ಪುಸ್ತಕ ಕೊಡುವವನು ಪುಸ್ತಕಕ್ಕೂ ಅನ್ಯಾಯ ಮಾಡುತ್ತಾನೆ. ಕೆಲಸದಲ್ಲಿ ದೇವರನ್ನು ಕಾಣುವುದು ಕೆಲಸಗಾರನ ಸ್ವಾತಂತ್ರ್ಯ. ಅದನ್ನು ಅವನಿಂದ ವಸೂಲುಮಾಡುವ ಹಕ್ಕು ಯಾವ ಧಣಿಗೂ ಇಲ್ಲ.

ಪುಸ್ತಕದ ವಿಚಾರ ಒಂದಿಷ್ಟು. ಲಾರೆನ್ಸನು ತಾನಾಗಿ ಗ್ರಂಥವನ್ನೇನೂ ರಚಿಸಲಿಲ್ಲ. ಜೋಸೆಫ್ ದ ಬೊಫೋರ್ ಎಂಬ ಪಾದ್ರಿಯು 1666ರಿಂದ ಆತನೊಡನೆ ಮಾತನಾಡಿ ಬರೆದಿಟ್ಟ ಸಂಭಾಷಣೆಗಳೂ, ಆತನ ಕೆಲವು ಪತ್ರಗಳೂ, 1691ರ ಫೆಬ್ರವರಿ 12ರಂದು ಆತನು ತೀರಿಕೊಂಡ ಬಳಿಕ ಅಚ್ಚಾದವು. ಕ್ಯಾಥೊಲಿಕ್ ಮಠದಲ್ಲಿ ಹುಟ್ಟಿದ ಈ ಮಾತುಗಳನ್ನು ಪ್ರಾಟೆಸ್ಟಂಟರೂ ಆದರದಿಂದ ಓದುತ್ತ ಬಂದಿದ್ದಾರೆ. 'ದೇವರ ಸಾನ್ನಿಧ್ಯದ ಅಭ್ಯಾಸ' ಎಂಬರ್ಥದ ಹೆಸರಿನಿಂದ ಇಂಗ್ಲಿಷಿನಲ್ಲಿ ದೊರೆಯುತ್ತದೆ. ರಾತ್ರಿಶಾಲೆಯಲ್ಲಿ ಕಲಿತ ಇಂಗ್ಲಿಷು ಅದಕ್ಕೆ ಸಾಕು. ರೈಲಿನಲ್ಲಿ ವಾರದೊಳಗೆ ಓದಿ ಮುಗಿಸಬಹುದು.

ಓದಿದವರು ಒಡನೆಯೇ ಪ್ರಯೋಗಕ್ಕೆ ತೊಡಗಿ, "ಮೂರು ದಿನ ಮಾಡಿದೆ, ಏನೂ ತಿಳಿಯಲಿಲ್ಲ" ಎಂದು ನಮಗೆ ಕಾಗದ ಬರೆಯುವ ಸಂಭವವುಂಟು. ಅವರಿಗೆ ಮೊದಲೇ ತಿಳಿಸಿಬಿಡುತ್ತೇವೆ. ಲಾರೆನ್ಸನ ತಳಮಳ ತೀರುವುದಕ್ಕೆ ಹತ್ತು ವರ್ಷ ಹಿಡಿಯಿತು. ಆ ಹತ್ತು ವರ್ಷವೂ ಮಠದಲ್ಲಿ ಊಟ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು.