ಮಾರ್ಜಾಲ ಚಿತ್ರವೂ ಸೂಕ್ತಿಯೂ

ಅರೆಗಣ್ಣು ಮುಚ್ಚಿ ಕುಳಿತ ಬೆಕ್ಕಿನ ಛಾಯಾಚಿತ್ರ. ಅದರ ಕೆಳಗೆ ಮೌನವನ್ನೋ ವೈರಾಗ್ಯವನ್ನೋ ಕುರಿತ ಒಂದು ಸೂಕ್ತಿ. ಗೋಡೆಯ ಪಟಗಳಲ್ಲಿ, ದಿನದರ್ಶಿಕೆಗಳಲ್ಲಿ, ಈಗ ಮೊಬೈಲುಗಳಲ್ಲಿಯೂ ಇಂಥ ಜೋಡಣೆ ಹೇರಳವಾಗಿ ಕಾಣಬರುತ್ತಿದೆ. ನೋಡಲು ಹಿತವಾದ ಈ ಪದ್ಧತಿಯು ವಿದ್ಯಾಲಯದ ಗೋಡೆಯನ್ನೂ ಏರುವಾಗ ಅದನ್ನು ಕುರಿತು ತುಸು ವಿಚಾರಿಸುವುದು ಉಚಿತ.

ಬೆಕ್ಕಿನ ಚಿತ್ರಕ್ಕೆ ಮಾತು ಜೋಡಿಸುವುದು ಹೊಸತೇನಲ್ಲ. ಇಂಗ್ಲೆಂಡಿನ ಬ್ರೈಟನ್ ನಗರದ ಹ್ಯಾರಿ ಪಾಯಿಂಟರ್ ಎಂಬ ಛಾಯಾಗ್ರಾಹಕನು 1870ರ ದಶಕದಲ್ಲಿಯೇ ಬೆಕ್ಕಿನ ಚಿತ್ರಗಳಿಗೆ ಕಿರುಬರಹಗಳನ್ನು ಸೇರಿಸಿ ಮಾರಿದನು. 1970ರ ದಶಕದ ಆರಂಭದಲ್ಲಿ ಅಮೆರಿಕದ ವಿಕ್ಟರ್ ಬಾಲ್ಡ್ವಿನ್ ತೆಗೆದ, ಬಿದಿರುಗೋಲಿಗೆ ಜೋತುಬಿದ್ದ ಬೆಕ್ಕಿನ ಮರಿಯ ಚಿತ್ರವು, ಪಟ್ಟು ಬಿಡಬೇಡವೆಂಬ ಅರ್ಥದ ಮಾತಿನೊಡನೆ ಬಹು ಜನಪ್ರಿಯವಾಯಿತು. ಅಲ್ಲಿ ಮಾತು ಚಿತ್ರದೊಳಗಿಂದಲೇ ಹುಟ್ಟಿತ್ತು. ಯಾವ ಮಹಾತ್ಮರ ಹೆಸರನ್ನೂ ಸಾಲ ತಂದಿರಲಿಲ್ಲ.

ಇಂದಿನ ರೀತಿ ಬೇರೆ. ಬುದ್ಧ, ಲಾವೋತ್ಸೆ, ಐನ್‌ಸ್ಟೈನ್ ಮೊದಲಾದವರ ಹೆಸರುಗಳು ಧಾರಾಳವಾಗಿ ಬಳಕೆಯಾಗುತ್ತವೆ. ಯಾವ ಗ್ರಂಥದ, ಯಾವ ಸಂದರ್ಭದ ಮಾತೆಂಬುದು ಮಾತ್ರ ಇರುವುದಿಲ್ಲ. ಅವರು ಆಡದ ಮಾತುಗಳೂ ಅವರ ಹೆಸರಿನಲ್ಲಿ ಸಂಚರಿಸುತ್ತಿವೆ. ಬೆಕ್ಕಿನ ನಿಶ್ಚಲತೆಯೇ ಆ ಮಾತಿಗೆ ಸಾಕ್ಷಿ ನುಡಿದಂತೆ ತೋರುವುದರಿಂದ ನೋಡುವವನು ಪ್ರಶ್ನಿಸುವುದನ್ನೇ ಮರೆಯುತ್ತಾನೆ.

ಆ ನಿಶ್ಚಲತೆಯನ್ನು ಧ್ಯಾನವೆಂದು ತಿಳಿಯುವವರು ನಾವು. ಬೆಕ್ಕು ಹೊಂಚಿ ಬೇಟೆಯಾಡುವ ಪ್ರಾಣಿ. ದಿನದಲ್ಲಿ 12 ಗಂಟೆಗೂ ಮಿಕ್ಕಿ ನಿದ್ರಿಸಿ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ. ಅರೆನಿದ್ರೆಯಲ್ಲಿಯೂ ಅದರ ಕಿವಿ ಸದ್ದು ಬಂದತ್ತ ತಿರುಗುತ್ತದೆ. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಮಹಾಬಲಿಪುರದಲ್ಲಿರುವ 7ನೆಯ ಶತಮಾನದ ಬಂಡೆಗೆತ್ತನೆಯಲ್ಲಿ ಮುಂಗಾಲೆತ್ತಿ ತಪಸ್ಸಿಗೆ ನಿಂತ ಬೆಕ್ಕೂ ಅದರ ಬಳಿ ಇಲಿಗಳೂ ಇವೆ. ಪಂಚತಂತ್ರದ ಕಪಟ ತಪಸ್ವಿ ಬೆಕ್ಕು, ನ್ಯಾಯ ಕೇಳಲು ಬಂದ ಮೊಲವನ್ನೂ ಕಪಿಂಜಲ ಪಕ್ಷಿಯನ್ನೂ ತಿಂದುಹಾಕಿತು. ವೇಷವನ್ನು ಕಂಡು ವಿಚಾರವನ್ನು ಬಿಟ್ಟವರ ಗತಿಯನ್ನು ಆ ಕಥೆ ಹೇಳುತ್ತದೆ.

ಹಾಗೆಂದು ಇಂಥ ಪಟಗಳನ್ನು ಬಹಿಷ್ಕರಿಸಬೇಕಾಗಿಲ್ಲ. ಎರಡು ನಿಯಮಗಳು ಸಾಕು. ಸೂಕ್ತಿಯ ಕೆಳಗೆ ಅದರ ಕೃತಿ, ಸಂದರ್ಭಗಳು ನಮೂದಾಗಿರಲಿ. ಇಲ್ಲವಾದರೆ ಅದು ಶಾಲೆಯ ಗೋಡೆಗೆ ಬೇಡ. ಪಟಗಳನ್ನು ಮುದ್ರಿಸಿಕೊಡುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಇದನ್ನು ಗಮನಿಸಬೇಕೆಂದು ವಿನಂತಿ. ಎರಡನೆಯದಾಗಿ, ಉಪಾಧ್ಯಾಯರು ಬರಹವಿಲ್ಲದ ಬೆಕ್ಕಿನ ಚಿತ್ರವೊಂದನ್ನು ಮಕ್ಕಳ ಮುಂದಿಟ್ಟು, ಕಂಡದ್ದನ್ನು ಒಂದು ವಾಕ್ಯದಲ್ಲಿ ಬರೆಯಿಸಲಿ. ಆ ವಾಕ್ಯ ಸಾಧಾರಣವಾಗಿರಬಹುದು. ಆದರೂ ಅದು ಮಗುವಿನ ಸ್ವಂತ ಕಣ್ಣಿನ ಗಳಿಕೆ. ಸುಭಾಷಿತಕ್ಕೆ ತಲೆದೂಗುವುದು ಸುಲಭ. ಅದು ಯಾರದು, ನಿಜವೇ ಎಂದು ಕೇಳುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸುವುದು ವಿದ್ಯಾಲಯದ ಹೊಣೆ.